ಮೊನೆಯ ಕೊಳದಲ್ಲಿ ಎಲೆ ತೊಳೆದವರು ಯಾರು?

ಇವತ್ತಿನ ಮಾತು ತೋಟದ ಬಗ್ಗೆ. ತೋಟ ಅಂದ ಕೂಡಲೇ ನಮ್ಮಲ್ಲಿ ಅಡಿಕೆ, ತೆಂಗು, ಕಾಫಿ ಕಣ್ಣ ಮುಂದೆ ಬರುತ್ತೆ, ಆಮೇಲೆ ಈ ವರ್ಷ ರೇಟ್ ಎಷ್ಟು ಅನ್ನೋ ಪ್ರಶ್ನೆ ಬರುತ್ತೆ. ಅದಲ್ಲ. ನಾನು ಹೇಳ್ತಿರೋದು ಹೂದೋಟ. ಅದರಲ್ಲೂ ಚಿತ್ರದೊಳಗೆ ಬಂದು ಕೂತಿರೋ ಹೂದೋಟ. ನಿಮ್ಮ ಫೋನಿನ ವಾಲ್‌ಪೇಪರ್‌ನಲ್ಲೋ, ಫ್ರೆಂಡ್ ಒಬ್ಬರ ಟೋಟ್ ಬ್ಯಾಗ್ ಮೇಲೋ, ಯಾವುದೋ ಕೆಫೆ ಗೋಡೆ ಮೇಲೋ ನೀವು ಅದನ್ನ ನೋಡೇ ಇರ್ತೀರಿ. ತಿಳಿನೇರಳೆ, ಹಸಿರು, ಮಸುಕು ನೀಲಿ, ನೀರಿನ ಮೇಲೆ ತೇಲೋ ಎಲೆಗಳು. ಕ್ಲೋದ್ ಮೊನೆಯ ಚಿತ್ರ.

ಒಂದು ಸುದ್ದಿಯಿಂದ ಶುರು ಮಾಡ್ತೀನಿ. 2023ರ ಜೂನ್ 14. ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಮ್ಯೂಸಿಯಂ. ಅಲ್ಲಿ ನಡೀತಿದ್ದ ಪ್ರದರ್ಶನದ ಹೆಸರೇ ‘ಉದ್ಯಾನ’. ಇಬ್ಬರು ಹೋರಾಟಗಾರ್ತಿಯರು ಒಂದು ಚಿತ್ರದ ಮುಂದೆ ಬಂದು, ಅದರ ಗಾಜಿಗೆ ಕೆಂಪು ಬಣ್ಣ ಮೆತ್ತಿ, ತಮ್ಮ ಕೈಯನ್ನೇ ಅದಕ್ಕೆ ಅಂಟಿಸಿಕೊಂಡರು. ಆ ಚಿತ್ರ ಮೊನೆ 1900ರಲ್ಲಿ ಬರೆದ ‘ಜಿವರ್ನಿಯಲ್ಲಿ ಕಲಾವಿದನ ತೋಟ’. ಮರಗಳ ಕೆಳಗೆ ಸಾಲುಸಾಲಾಗಿ ನೇರಳೆ ಐರಿಸ್ ಹೂಗಳು. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಿಂದ ಎರವಲು ತಂದಿದ್ದು. ಗಾಜು ಇದ್ದದ್ದರಿಂದ ಚಿತ್ರ ಉಳೀತು.

ಆವಾಗ ಎಲ್ಲರೂ ಜಗಳ ಆಡಿದ್ದು ಒಂದೇ ವಿಷಯಕ್ಕೆ. ಹವಾಮಾನದ ಹೋರಾಟಕ್ಕೆ ಚಿತ್ರದ ಮೇಲೆ ಬಣ್ಣ ಮೆತ್ತೋದು ಸರಿಯಾ ತಪ್ಪಾ ಅಂತ. ನನಗೆ ಅದು ತಪ್ಪು ಅಂತಲೇ ಅನಿಸುತ್ತೆ, ಆದರೆ ಆ ಚರ್ಚೆ ಇವತ್ತು ಬೇಡ. ನನ್ನನ್ನ ಹಿಡಿದು ನಿಲ್ಲಿಸಿದ್ದು ಆ ಸಂಘಟನೆಯ ಹೆಸರು. ಕನ್ನಡಕ್ಕೆ ತಂದರೆ ‘ಜೌಗುಭೂಮಿಗಳನ್ನು ಮತ್ತೆ ಮೊದಲಿನಂತೆ ಮಾಡಿ’ ಅಂತ. ಯಾಕೆ ನಿಲ್ಲಿಸ್ತು ಗೊತ್ತಾ? ಆ ಚಿತ್ರ ಬರೆಯೋಕೆ ಏಳು ವರ್ಷ ಮೊದಲು, ಇದೇ ಮೊನೆ, ಇದೇ ಜಿವರ್ನಿಯಲ್ಲಿ, ಹೊಳೆಯ ನೀರನ್ನ ತನ್ನ ಜಾಗಕ್ಕೆ ತಿರುಗಿಸಿಕೊಳ್ಳೋಕೆ ಸರ್ಕಾರಕ್ಕೆ ಅರ್ಜಿ ಹಾಕಿದ್ದ. ಊರವರು ಬೇಡ ಅಂದಿದ್ದರು.

ಆ ಕತೆ ಪೂರ್ತಿ ಹೇಳ್ತೀನಿ.

ಮೊನೆ ಹುಟ್ಟಿದ್ದು 1840ರಲ್ಲಿ. ಜಿವರ್ನಿಗೆ ಬಂದಿದ್ದು 1883ರಲ್ಲಿ, ಬಾಡಿಗೆ ಮನೆಗೆ. ಪ್ಯಾರಿಸ್‌ನಿಂದ ಎಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ಸಣ್ಣ ಹಳ್ಳಿ. ಕೈಯಲ್ಲಿ ದುಡ್ಡು ಆಡೋಕೆ ಶುರುವಾದ ಮೇಲೆ 1890ರಲ್ಲಿ ಆ ಮನೆಯನ್ನೇ ಕೊಂಡುಕೊಂಡ. ಮನೆ ಮುಂದೆ ಹೂವಿನ ಪಾತಿಗಳು. ಅಷ್ಟಕ್ಕೆ ಸುಮ್ಮನಾಗಲಿಲ್ಲ. 1893ರಲ್ಲಿ, ತನ್ನ ಜಾಗ ಮುಗಿಯೋ ಕಡೆ ಇದ್ದ ರಸ್ತೆ ಮತ್ತು ರೈಲು ಹಳಿಯ ಆಚೆ ಒಂದು ತುಂಡು ತಗ್ಗು ನೆಲ ಖರೀದಿ ಮಾಡಿದ. ಅಲ್ಲೊಂದು ಸಣ್ಣ ಹೊಂಡ. ಪಕ್ಕದಲ್ಲಿ ಎಪ್ಟ್ ಅನ್ನೋ ನದಿಯ ಒಂದು ಪುಟ್ಟ ಕವಲು. ಆ ಕವಲಿನ ನೀರನ್ನ ತೂಬು ಹಾಕಿ ಒಳಗೆ ಬಿಟ್ಟುಕೊಂಡು, ಮತ್ತೆ ಆ ಕಡೆಯಿಂದ ಹೊಳೆಗೇ ಬಿಡೋದು, ನಡುವೆ ಕೊಳ ಮಾಡೋದು, ಇದು ಪ್ಲಾನ್.

ಹಳ್ಳಿಯಲ್ಲಿ ಗಲಾಟೆ ಎದ್ದಿತು. ಆ ನೀರಲ್ಲಿ ಹೆಂಗಸರು ಬಟ್ಟೆ ಒಗೀತಿದ್ದರು, ದನಗಳು ಕುಡೀತಿದ್ದವು. ಈ ಪ್ಯಾರಿಸ್ ಮನುಷ್ಯ ಎಲ್ಲಿಂದಲೋ ತಂದ ಗಿಡ ಹಾಕ್ತಾನೆ, ನೀರು ವಿಷ ಆದರೆ ಏನು ಗತಿ ಅಂತ. ಮೊನೆಗೆ ರೇಗಿತು. ಆಲಿಸ್‌ಗೆ ಸಿಡಿಮಿಡಿಯ ಪತ್ರ ಬರೆದ. ಆಮೇಲೆ ತಣ್ಣಗಾಗಿ ಜಿಲ್ಲಾಡಳಿತಕ್ಕೆ ಅರ್ಜಿ ಹಾಕಿದ. ಹಾಕೋದು ನೈದಿಲೆ, ಜೊಂಡು, ಐರಿಸ್ ಥರದ ಗಿಡಗಳನ್ನ, ಕಣ್ಣಿಗೆ ಸಂತೋಷ ಆಗಲಿ ಅಂತ, ಜೊತೆಗೆ ಚಿತ್ರ ಬರೆಯೋಕೆ ವಿಷಯ ಸಿಗಲಿ ಅಂತ, ಇದು ಆ ಅರ್ಜಿಯ ಸಾರಾಂಶ. ಅನುಮತಿ ಸಿಕ್ಕಿತು.

ಈ ಅರ್ಜಿ ನನಗೆ ತುಂಬಾ ಇಷ್ಟ. ನಮ್ಮ ತಲೆಯಲ್ಲಿ ಇರೋ ಚಿತ್ರಕಾರ ಹೇಗೆ? ಬ್ಯಾಗು ಹೆಗಲಿಗೇರಿಸಿ ಪ್ರಕೃತಿ ಹುಡುಕಿಕೊಂಡು ಹೋಗ್ತಾನೆ, ಸಿಕ್ಕಿದ್ದನ್ನ ಬರೀತಾನೆ. ಮೊನೆಯೂ ವಯಸ್ಸಿನಲ್ಲಿ ಹಾಗೇ ಮಾಡಿದ. ಆದರೆ ಐವತ್ತು ದಾಟಿದ ಮೇಲೆ ತಾನು ಬರೆಯಬೇಕಾದ ಪ್ರಕೃತಿಯನ್ನ ತಾನೇ ಕಟ್ಟಿಸಿದ. ಕಚೇರಿಗೆ ಅರ್ಜಿ ಕೊಟ್ಟು, ನೆಲ ಅಗೆಸಿ, ಕ್ಯಾಟಲಾಗ್ ನೋಡಿ ಗಿಡ ತರಿಸಿ.

ಆ ಹೂಗಳೂ ಅಲ್ಲಿಯವಲ್ಲ. ಚಳಿ ತಡೆಯುವ ಯುರೋಪಿನ ನೈದಿಲೆ ಬಿಳಿ. ಬಣ್ಣದವು ಬೇರೆ ದೇಶಗಳವು. ಜೋಸೆಫ್ ಲತೂರ್-ಮಾರ್ಲಿಯಾಕ್ ಅನ್ನೋ ನರ್ಸರಿ ಮಾಲೀಕ ಈ ಎರಡನ್ನ ಕಸಿ... ಅಲ್ಲ, ಕಸಿ ಅನ್ನೋ ಮಾತು ಇಲ್ಲಿ ಹೊಂದಲ್ಲ, ಪರಾಗಸ್ಪರ್ಶ ಮಾಡಿಸಿ, ಚಳಿಯಲ್ಲೂ ಬದುಕೋ ಗುಲಾಬಿ, ಹಳದಿ, ಕೆಂಪು ನೈದಿಲೆಗಳನ್ನ ಸೃಷ್ಟಿ ಮಾಡಿದ. 1889ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ, ಅಂದರೆ ಐಫೆಲ್ ಟವರ್ ಮೊದಲ ಸಲ ಜನಕ್ಕೆ ತೆರೆದ ಅದೇ ಪ್ರದರ್ಶನದಲ್ಲಿ, ಅವನ್ನ ತೋರಿಸಿದ್ದ. ಮೊನೆ 1894ರಲ್ಲಿ ಆತನಿಂದ ಗಿಡ ತರಿಸಿದ. ನಾವು ಇವತ್ತು ಕಾಲಾತೀತ, ಶುದ್ಧ ಪ್ರಕೃತಿ ಅಂತ ನೋಡೋ ಆ ಗುಲಾಬಿ ಹೂ ಆಗ ಮಾರುಕಟ್ಟೆಗೆ ಬಂದ ಹೊಸ ಮಾಲು. ಲೇಟೆಸ್ಟ್ ಮಾಡೆಲ್!

ಒಂದು ನಿಮಿಷ ಹೆಸರಿನ ಬಗ್ಗೆ ಹೇಳಿಬಿಡ್ತೀನಿ. ಕನ್ನಡದಲ್ಲಿ ಎಷ್ಟೋ ಕಡೆ ಮೊನೆಯ ‘ಕಮಲಗಳು’, ‘ತಾವರೆಗಳು’ ಅಂತ ಬರೀತಾರೆ. ತಾವರೆ ಅಲ್ಲ ಅದು, ನೈದಿಲೆ. ತಾವರೆ ಎಲೆ ಬಲಿತರೆ ನೀರಿನಿಂದ ಮೇಲೆದ್ದು ಛತ್ರಿ ಥರ ನಿಲ್ಲುತ್ತೆ. ನೈದಿಲೆ ಎಲೆ ನೀರಿಗೇ ಅಂಟಿಕೊಂಡು ತೇಲುತ್ತೆ, ಒಂದು ಕಡೆ ಸೀಳು ಇರುತ್ತೆ. ಇದು ಬರೀ ಸಸ್ಯಶಾಸ್ತ್ರದ ತಕರಾರಲ್ಲ. ಎಲೆ ಮಟ್ಟಸವಾಗಿ ಮಲಗೋದರಿಂದಲೇ ಎಲೆಗಳ ನಡುವೆ ನೀರು ಕನ್ನಡಿ ಹಾಗೆ ಉಳಿಯುತ್ತೆ. ಆ ಕನ್ನಡಿಯೇ ಮೊನೆಗೆ ಬೇಕಾಗಿದ್ದದ್ದು. ತಾವರೆ ಕೊಳ ಆಗಿದ್ದರೆ ಆ ಚಿತ್ರಗಳು ಬೇರೆಯೇ ಆಗ್ತಿದ್ದವು.

ಈಗ ನನ್ನ ಚಿಕ್ಕಪ್ಪನ ವಿಷಯ. ಅವರು ಬೆಂಗಳೂರಲ್ಲಿ ಒಂದು ದೊಡ್ಡ ಕಂಪನಿಯ ಕ್ಯಾಂಪಸ್‌ನಲ್ಲಿ ಮಾಲಿ ಕೆಲಸ ಮಾಡಿದವರು, ಇಪ್ಪತ್ತೆರಡು ವರ್ಷ. ಒಂದು ದಿನ ಫೋನಿನಲ್ಲಿ ಈ ಚಿತ್ರ ತೋರಿಸಿ ಹೇಗಿದೆ ಚಿಕ್ಕಪ್ಪ ಅಂದೆ. ಸ್ವಲ್ಪ ಹೊತ್ತು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದರು. “ಚೆನ್ನಾಗದೆ ಕಣಮ್ಮ. ಆದ್ರೆ ಇಷ್ಟೊಂದು ಎಲೆ ಬಿಟ್ರೆ ಒಂದೇ ಮಳೆಗಾಲಕ್ಕೆ ಕೊಳ ಮುಚ್ಕೊಂಡು ಹೋಯ್ತದೆ. ಯಾರೋ ದಿನಾ ಇಳಿದು ತೆಗೀತಾ ಇರಬೇಕು” ಅಂದರು.

ಯಾರೋ ಇಳಿದು ತೆಗೀತಾ ಇದ್ದರು. ಜಿವರ್ನಿಯಲ್ಲಿ ಆರೇಳು ಮಂದಿ ಮಾಲಿಗಳಿದ್ದರು. ಮುಖ್ಯ ಮಾಲಿಯ ಹೆಸರು ಫೆಲಿಕ್ಸ್ ಬ್ರೆಯ್. ಒಬ್ಬನಿಗೆ ಕೊಳದ್ದೇ ಕೆಲಸ. ದೋಣಿಯಲ್ಲಿ ಹೋಗಿ ಒಣಗಿದ ಎಲೆ ಕತ್ತರಿಸೋದು, ಪಾಚಿ ತೆಗೆಯೋದು, ಎಲೆಗಳ ಮೇಲೆ ಕೂತ ಧೂಳನ್ನ ತೊಳೆಯೋದು, ಎಲೆಗಳ ಗುಂಪು ಚಿತ್ರಕ್ಕೆ ಬೇಕಾದ ಹಾಗೆ ಬಿಡಿಬಿಡಿಯಾಗಿ ಇರೋ ಥರ ನೋಡಿಕೊಳ್ಳೋದು. ಪಕ್ಕದ ಮಣ್ಣು ರಸ್ತೆಯಲ್ಲಿ ಕಾರು ಓಡಾಡೋಕೆ ಶುರುವಾದಾಗ ಧೂಳು ಜಾಸ್ತಿ ಆಯ್ತು ಅಂತ ಮೊನೆ ತನ್ನ ದುಡ್ಡಿನಲ್ಲೇ ರಸ್ತೆಗೆ ಟಾರು ಹಾಕಿಸಿದ. 1901ರಲ್ಲಿ ಇನ್ನಷ್ಟು ಜಾಗ ಕೊಂಡು ಕೊಳ ದೊಡ್ಡದು ಮಾಡಿಸಿದ.

ಈಗ ಆ ಚಿತ್ರಗಳನ್ನ ಮತ್ತೆ ನೋಡಿ. ನೈದಿಲೆ ಚಿತ್ರಗಳೇ ಸುಮಾರು 250 ಇವೆ. ದೋಣಿ ಎಲ್ಲಿ? ಮಾಲಿ ಎಲ್ಲಿ? ತೂಬು? ರೈಲು? ಅದು ಕೊಳದ ಪಕ್ಕದಲ್ಲೇ ಓಡ್ತಿತ್ತು. ಹಿಂದೆ ಇದೇ ಮೊನೆ ಪ್ಯಾರಿಸ್ಸಿನ ರೈಲು ನಿಲ್ದಾಣದ ಹೊಗೆಯನ್ನ ಒಂದಾದ ಮೇಲೊಂದು ಕ್ಯಾನ್ವಾಸ್‌ನಲ್ಲಿ ಬರೆದಿದ್ದ. ಇಲ್ಲಿ ಒಂದು ಕೂಗೂ ಕೇಳಿಸಲ್ಲ. ಕೆಲಸ ಮಾಡಿದವರನ್ನ ಪೂರ್ತಿ ಅಳಿಸಿದ ಮೇಲೇ ಅದು ‘ಪ್ರಕೃತಿ’ ಥರ ಕಾಣೋಕೆ ಶುರುವಾಗೋದು.

ಇದೇ ಮೊನೆ ಒಂದು ಚಿತ್ರದಲ್ಲಿ ತಾನೇ ಮಾಲಿಯಾಗಿ ಸಿಕ್ಕಿಬಿದ್ದಿದ್ದಾನೆ. ಜಿವರ್ನಿಗೆ ಬರೋಕೆ ಮುಂಚೆ, 1874ರ ಬೇಸಿಗೆಯಲ್ಲಿ ಅರ್ಜಾಂತೈ ಅನ್ನೋ ಊರಲ್ಲಿ ಇದ್ದಾಗ, ಎದ್ವಾರ್ ಮನೆ ಅವರ ಮನೆಗೆ ಬಂದು ಚಿತ್ರ ಬರೆದ. ಹೆಸರು ಒಂದೇ ಥರ ಕೇಳಿಸುತ್ತೆ, ಮನೆ ಬೇರೆ, ಮೊನೆ ಬೇರೆ. ಆ ಚಿತ್ರದ ನಡುವೆ ಮೊನೆಯ ಹೆಂಡತಿ ಕಮೀಯ್ ಬಿಳಿ ಬಟ್ಟೆಯಲ್ಲಿ ಹುಲ್ಲಿನ ಮೇಲೆ ಕೂತಿದ್ದಾಳೆ. ಮಗ ಜಾನ್ ಅವಳಿಗೆ ಒರಗಿ ಬಿದ್ದುಕೊಂಡಿದ್ದಾನೆ. ಹುಂಜ, ಕೋಳಿ, ಮರಿ ಓಡಾಡ್ತಿವೆ. ಎಡಗಡೆ ಹಿಂದೆ, ಬಗ್ಗಿಕೊಂಡು ಹೂಗಿಡದಲ್ಲಿ ಏನೋ ಮಾಡ್ತಾ ಇರೋ ಮನುಷ್ಯ ಮೊನೆ. ಪಕ್ಕದಲ್ಲಿ ನೀರು ಹಾಕೋ ಕ್ಯಾನ್. ಈ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಅದೇ ದಿನ ರೆನ್ವಾರ್ ಕೂಡ ಅಲ್ಲಿಗೆ ಬಂದು, ಅದೇ ತಾಯಿಮಗನನ್ನ ಕೂರಿಸಿಕೊಂಡು ಬರೆದ. ರೆನ್ವಾರ್ ಚಿತ್ರದಲ್ಲಿ ತಾಯಿ ಇದ್ದಾಳೆ, ಮಗ ಇದ್ದಾನೆ, ಹುಂಜವೂ ಇದೆ. ಗಿಡಕ್ಕೆ ಬಗ್ಗಿದವನು ಇಲ್ಲ.

ಹಾಗಾದರೆ ಮಾಲಿಗಳನ್ನೇ ನಡುವೆ ನಿಲ್ಲಿಸಿದ ತೋಟದ ಚಿತ್ರ ಯಾವುದೂ ಇಲ್ವಾ ಅಂತ ನೀವು ಕೇಳಬಹುದು. ಇದೆ. ಅದಕ್ಕೆ ಯುರೋಪಿನಿಂದ ನಮ್ಮ ಕಡೆಗೆ, ಮೂರು ಶತಮಾನ ಹಿಂದಕ್ಕೆ ಬರಬೇಕು.

ಬಾಬರ್ ಹಿಂದೂಸ್ತಾನಕ್ಕೆ ಬರೋಕೆ ಮುಂಚೆ, 1508-09ರಲ್ಲಿ, ಈಗಿನ ಅಫ್ಘಾನಿಸ್ತಾನದ ಜಲಾಲಾಬಾದ್ ಹತ್ತಿರ ಒಂದು ತೋಟ ಮಾಡಿಸಿದ. ಹೆಸರು ಬಾಗ್-ಎ-ವಫಾ. ಆತ ತನ್ನ ಆತ್ಮಕತೆಯಲ್ಲಿ ಯುದ್ಧದ ಬಗ್ಗೆ ಎಷ್ಟು ಮನಸ್ಸಿಟ್ಟು ಬರೀತಾನೋ ಹಣ್ಣು, ಹೂ, ಹರಿಯೋ ನೀರಿನ ಬಗ್ಗೆಯೂ ಅಷ್ಟೇ ಮನಸ್ಸಿಟ್ಟು ಬರೀತಾನೆ. ಬಾಬರ್ 1530ರಲ್ಲಿ ತೀರಿಕೊಂಡ. ಮೊಮ್ಮಗ ಅಕ್ಬರನ ಕಾಲದಲ್ಲಿ, 1589ರಲ್ಲಿ, ಅಬ್ದುರ್ ರಹೀಮ್ ಖಾನ್-ಎ-ಖಾನಾ ಆ ಪುಸ್ತಕವನ್ನ ತುರ್ಕಿಯಿಂದ ಪಾರಸಿಗೆ ತಂದ. ಆಸ್ಥಾನದ ಕಲಾವಿದರು ಅದಕ್ಕೆ ಚಿತ್ರ ಬರೆದರು. ಈ ತೋಟದ ಚಿತ್ರ ಬರೆದಿದ್ದು ಬಿಷನ್‌ದಾಸ್, ಮುಖಗಳನ್ನ ಬರೆದಿದ್ದು ನಾನ್ಹಾ. ಇಬ್ಬರೂ ಒಂದೇ ಮನೆತನದವರು. ಎರಡು ಪುಟಕ್ಕೆ ಹರಡಿಕೊಂಡ ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಮೊನೆಯ ಕೊಳದಿಂದ ನೇರ ಇಲ್ಲಿಗೆ ಬಂದರೆ ಏನೋ ಸಂತೆಗೆ ಬಂದ ಹಾಗೆ ಅನಿಸುತ್ತೆ. ಎಷ್ಟು ಜನ! ಬಾಬರ್ ನಿಂತುಕೊಂಡು ಕೈ ಮಾಡಿ ತೋರಿಸ್ತಿದ್ದಾನೆ. ಆತನ ಮುಂದೆ ಒಬ್ಬ ಚೌಕಚೌಕವಾಗಿ ಗೆರೆ ಎಳೆದ ಹಲಗೆ ಹಿಡಿದಿದ್ದಾನೆ. ಅದು ತೋಟದ ನಕ್ಷೆ, ಆ ಮನುಷ್ಯ ಇವತ್ತಿನ ಭಾಷೆಯಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಇಬ್ಬರು ದಾರ ಎಳೆದು ಹಿಡಿದು ಪಾತಿ ನೇರ ಇದೆಯಾ ಅಂತ ನೋಡ್ತಿದ್ದಾರೆ. ಒಬ್ಬ ಸಲಿಕೆ ಹಿಡಿದು ಅಗೀತಿದ್ದಾನೆ. ನಡುವೆ ಕಾಲುವೆಗಳು ಒಂದನ್ನೊಂದು ಅಡ್ಡ ಹಾಯ್ದು ನಾಲ್ಕು ಭಾಗ ಮಾಡಿವೆ, ಅದೇ ಚಾರ್‌ಬಾಗ್. ಗೋಡೆ ಪಕ್ಕ ಕಿತ್ತಳೆ, ದಾಳಿಂಬೆ. ಬಾಗಿಲ ಹೊರಗೆ ದೊಡ್ಡ ಮನುಷ್ಯರು ಯಾರೋ ಬಂದು ಕಾಯ್ತಿದ್ದಾರೆ. ದೊರೆ ಮಾಲಿಗಳ ಜೊತೆ ಮಾತಾಡ್ತಿದ್ದಾನೆ, ಸ್ವಲ್ಪ ತಡೀರಿ ಅನ್ನೋ ಥರ.

ಇದರಲ್ಲಿ ತೋಟ ಇನ್ನೂ ಮುಗಿದಿಲ್ಲ. ನನಗೆ ಆ ಚಿತ್ರದ ಮೇಲೆ ಪ್ರೀತಿ ಬರೋಕೆ ಅದೇ ಕಾರಣ. ಅದು ಮಾಲಿಗಳ ಪರ ಘೋಷಣೆ ಏನಲ್ಲ, ಅಕ್ಬರನ ಆಸ್ಥಾನಕ್ಕೆ ಬೇಕಾಗಿದ್ದದ್ದು ತಾತನ ದೊಡ್ಡಸ್ತಿಕೆ. ಕಾಡಿನಂತಿದ್ದ ನೆಲವನ್ನ ಅಳತೆಗೆ ತಂದ ದೊರೆ ಅಂತ ತೋರಿಸೋದು. ಆದರೆ ಆ ದೊಡ್ಡಸ್ತಿಕೆ ತೋರಿಸೋಕೆ ಸಲಿಕೆ ಹಿಡಿದವನೂ ಬೇಕಾಯ್ತು, ಮುಚ್ಚಿಡೋಕೆ ಆಗಲಿಲ್ಲ. ಚಿಕ್ಕಪ್ಪನಿಗೆ ಇದನ್ನೂ ತೋರಿಸಿದೆ. ದಾರ ಹಿಡಿದವರ ಮೇಲೆ ಬೆರಳಿಟ್ಟು, “ನಾವೂ ಹಿಂಗೇ ಹಿಡೀತಿದ್ದು” ಅಂದರು. ಅಷ್ಟೇ, ಬೇರೇನೂ ಹೇಳಲಿಲ್ಲ.

ಈ ಚಾರ್‌ಬಾಗ್ ಮಾದರಿ ದಕ್ಷಿಣಕ್ಕೂ ಇಳಿದು ಬಂತು. ತುಮಕೂರು ಜಿಲ್ಲೆಯ ಸಿರಾದಲ್ಲಿ ಮೊಘಲರ ಸುಬೇದಾರನಾಗಿದ್ದ ದಿಲಾವರ್ ಖಾನ್ ತೋಟ ಮಾಡಿಸಿದ್ದ, ಅದನ್ನ ನೋಡಿಯೇ ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದ ಅಂತ ಹೇಳ್ತಾರೆ. ಹಾಗಾಗಿ ಮುಂದಿನ ಸಲ ಫ್ಲವರ್ ಶೋ ಕ್ಯೂನಲ್ಲಿ ನಿಂತು ಬೆವರುವಾಗ ಬಾಬರನ ದಾರ ನೆನಪು ಮಾಡಿಕೊಳ್ಳಿ.

ಇನ್ನೊಂದು ಎಳೆ ಇದೆ, ಅದು ನಮ್ಮನ್ನ ಮೊನೆಯ ಕೊಳಕ್ಕೆ ವಾಪಸ್ ಕರೆದುಕೊಂಡು ಹೋಗುತ್ತೆ. ಬಾಬರ್ ಹಿಂದೂಸ್ತಾನಕ್ಕೆ ಬಂದ ಮೇಲೆ ಧೋಲ್‌ಪುರದ ಹತ್ತಿರ ಕೆಂಪು ಬಂಡೆಯಲ್ಲಿ ಹೂವಿನ ಆಕಾರದ ಕೊಳ ಕೊರೆಸಿದ. ಅದರ ಹೆಸರು ಬಾಗ್-ಎ-ನಿಲೂಫರ್. ಈ ನಿಲೂಫರ್ ಅನ್ನೋ ಪಾರಸಿ ಪದದ ಮೂಲ ಸಂಸ್ಕೃತದ ನೀಲೋತ್ಪಲ. ಅಂದರೆ ನೀಲಿ ನೈದಿಲೆ. ಪಾರಸಿಯಿಂದ ಅರಬ್ಬಿಗೆ, ಅಲ್ಲಿಂದ ಲ್ಯಾಟಿನ್‌ಗೆ, ಅಲ್ಲಿಂದ ಫ್ರೆಂಚಿಗೆ ಹೋಗಿ ಅದು ‘ನೆನ್ಯುಫಾರ್’ ಆಯ್ತು. ಫ್ರಾನ್ಸಿನ ಜನ ದಿನಬಳಕೆಯಲ್ಲಿ ನೈದಿಲೆಗೆ ಹೇಳೋದು ಹಾಗೇ. ಮೊನೆ ಮಾತ್ರ ತನ್ನ ಚಿತ್ರಗಳಿಗೆ ಪುಸ್ತಕದ ಹೆಸರು ಆರಿಸಿಕೊಂಡ, ‘ನ್ಯಾಂಫೆಯಾ’, ಗ್ರೀಕರ ಜಲದೇವತೆಯ ಹೆಸರಿನಿಂದ ಬಂದಿದ್ದು.

ಸರಿ, ಕೊಳಕ್ಕೆ ಬಂದಿದ್ದೀವಿ. ಈಗ ಚಿತ್ರ ನೋಡೋದು ಹೇಗೆ ಅಂತ ಸ್ವಲ್ಪ ಹೇಳ್ತೀನಿ. ಸಾಧ್ಯ ಆದರೆ ಫೋನ್‌ನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಗಾಡಿ ಓಡಿಸ್ತಿದ್ದರೆ ಬೇಡ.

1899ರಲ್ಲಿ ಬರೆದ ಚಿತ್ರಗಳಲ್ಲಿ ಕೊಳದ ಮೇಲೆ ಹಸಿರು ಸೇತುವೆ ಇದೆ, ಜಪಾನಿ ಮಾದರಿಯದ್ದು. ಮೊನೆ ಇನ್ನೂರಕ್ಕೂ ಹೆಚ್ಚು ಜಪಾನಿ ಅಚ್ಚುಚಿತ್ರಗಳನ್ನ ಕೂಡಿಟ್ಟಿದ್ದ. ಆ ಚಿತ್ರಗಳಲ್ಲಿ ನಾವು ಎಲ್ಲಿ ನಿಂತಿದ್ದೀವಿ ಅಂತ ಗೊತ್ತಾಗುತ್ತೆ. ಆಮೇಲೆ ವರ್ಷ ಕಳೆದ ಹಾಗೆ ಆತ ಕಣ್ಣು ಕೆಳಗೆ ಇಳಿಸ್ತಾ ಹೋದ. ಸೇತುವೆ ಹೋಯ್ತು, ದಡ ಹೋಯ್ತು, ಆಕಾಶ ಭೂಮಿ ಸೇರೋ ಗೆರೆ ಹೋಯ್ತು. ಉಳಿದಿದ್ದು ನೀರು ಮಾತ್ರ. ಆಕಾಶ ಇದೆ, ಆದರೆ ತಲೆಕೆಳಗಾಗಿ ನೀರೊಳಗೆ. ಮೋಡ ಎಲೆಗಳ ಕೆಳಗೆ ಓಡ್ತಾ ಇರುತ್ತೆ. ಹತ್ತಿರದಿಂದ ನೋಡಿದರೆ, ಎಲೆಗಳನ್ನ ಬರೆದ ಬ್ರಶ್ ಗುರುತು ಅಡ್ಡಡ್ಡ ಇರುತ್ತೆ. ದಡದ ಮರಗಳ ನೆರಳನ್ನ ಬರೆದ ಗುರುತು ಉದ್ದುದ್ದ, ಮೇಲಿಂದ ಕೆಳಗೆ. ಒಂದೇ ಬಟ್ಟೆಯಲ್ಲಿ ನೀರಿನ ಮೇಲ್ಮೈ ಒಂದು ದಿಕ್ಕಿಗೆ, ನೀರಿನ ಆಳ ಇನ್ನೊಂದು ದಿಕ್ಕಿಗೆ. ಮನಸ್ಸು ಯಾವುದನ್ನ ಹಿಡೀಬೇಕು ಅಂತ ತೂಗಾಡುತ್ತೆ. ಚಿತ್ರ ಅಲುಗಾಡ್ತಿದೆ ಅನಿಸೋದು ಅದಕ್ಕೇ.

1909ರಲ್ಲಿ ಪ್ಯಾರಿಸ್‌ನಲ್ಲಿ ಇಂಥ 48 ಚಿತ್ರಗಳ ಪ್ರದರ್ಶನ ಆಯ್ತು. ಅದಕ್ಕೆ ಹಿಂದಿನ ವರ್ಷ, ಸರಿ ಬಂದಿಲ್ಲ ಅಂತ ಹದಿನೈದು ಚಿತ್ರವನ್ನಾದರೂ ಮೊನೆ ತಾನೇ ಹಾಳು ಮಾಡಿದ್ದ. ಹಾಯಾಗಿ ಕೊಳದ ಪಕ್ಕ ಕೂತ ಮುದುಕ ಅಂದುಕೊಂಡಿದ್ದರೆ ಅದನ್ನ ಬಿಟ್ಟುಬಿಡಿ.

ಆಮೇಲೆ ಒಂದರ ಮೇಲೊಂದು ಏಟು. 1911ರಲ್ಲಿ ಎರಡನೇ ಹೆಂಡತಿ ಆಲಿಸ್ ತೀರಿಕೊಂಡಳು. 1912ರಲ್ಲಿ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರ್ ಹೇಳಿದರು. 1914ರ ಫೆಬ್ರವರಿಯಲ್ಲಿ ದೊಡ್ಡ ಮಗ ಜಾನ್, ಹೌದು, ಹುಲ್ಲಿನ ಮೇಲೆ ಬಿದ್ದುಕೊಂಡಿದ್ದ ಆ ಹುಡುಗನೇ, ಸತ್ತ. ಅದೇ ಬೇಸಿಗೆಯಲ್ಲಿ ಮೊದಲ ಮಹಾಯುದ್ಧ ಶುರು. ಜಿವರ್ನಿಯಿಂದ ಎಷ್ಟೋ ಜನ ಊರು ಬಿಟ್ಟರು. ಮೊನೆ ಬಿಡಲಿಲ್ಲ. ಸಾಯೋದೇ ಆದರೆ ನನ್ನ ಕ್ಯಾನ್ವಾಸ್‌ಗಳ ನಡುವೆ ಸಾಯ್ತೀನಿ ಅನ್ನೋ ಅರ್ಥದಲ್ಲಿ ಪತ್ರ ಬರೆದ. ಜಾನ್‌ನ ಹೆಂಡತಿ ಬ್ಲಾನ್ಶ್, ಆಕೆಯೂ ಚಿತ್ರಕಾರ್ತಿ, ಮಾವನ ಜೊತೆ ನಿಂತು ಮನೆ ನೋಡಿಕೊಂಡಳು. ಆಕೆ ಆಲಿಸ್‌ಳ ಮೊದಲ ಮದುವೆಯ ಮಗಳೂ ಹೌದು. ಎಪ್ಪತ್ತನಾಲ್ಕರ ವಯಸ್ಸಲ್ಲಿ, ಕಣ್ಣು ಮಂಜಾಗ್ತಿರುವಾಗ, ಎರಡು ಮೀಟರ್ ಎತ್ತರದ ಬಟ್ಟೆಗಳ ಮೇಲೆ ಕೊಳವನ್ನ ಬರೆಯೋಕೆ ಮೊನೆ ಶುರು ಮಾಡಿದ. ಅದಕ್ಕೇ ಅಂತ ಹೊಸ ದೊಡ್ಡ ಸ್ಟುಡಿಯೋ ಕಟ್ಟಿಸಿದ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಲಕ್ಷಾಂತರ ಹುಡುಗರು ಕಂದಕಗಳಲ್ಲಿ ಸಾಯ್ತಿರುವಾಗ ಹೂವಿನ ಚಿತ್ರ ಬರೆಯೋದು ಸರಿಯಾ? ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನಲ್ಲಿ ಇದಕ್ಕೆ ಉಲ್ಟಾ ಆಗಿದೆ. ಹೆಸರಲ್ಲೇ ಬಾಗ್ ಇದೆ, ಸುತ್ತ ತೋಟ ಇದೆ, ಗೋಡೆ ಮೇಲೆ ಮಾತ್ರ 1780ರ ಪೊಳ್ಳಿಲೂರು ಯುದ್ಧ, ಆನೆ, ಕುದುರೆ, ಉರುಳೋ ತಲೆಗಳು. ತೋಟದಲ್ಲಿ ಕೂತು ಯುದ್ಧ ನೋಡೋದು. ಮೊನೆ ಯುದ್ಧದ ನಡುವೆ ತೋಟ ನೋಡ್ತಿದ್ದ. ಆತನಿಗೂ ಮುಜುಗರ ಇತ್ತು, ಮಗ ಮಿಶೆಲ್ ಯುದ್ಧಕ್ಕೆ ಹೋಗಿದ್ದ. 1918ರ ನವೆಂಬರ್ 11ಕ್ಕೆ ಯುದ್ಧ ನಿಂತಿತು. ಮಾರನೇ ದಿನ, 12ಕ್ಕೆ, ಮೊನೆ ತನ್ನ ಗೆಳೆಯನಾಗಿದ್ದ ಪ್ರಧಾನಿ ಕ್ಲೆಮೆನ್ಸೋಗೆ ಪತ್ರ ಬರೆದ. ಎರಡು ದೊಡ್ಡ ಚಿತ್ರ ದೇಶಕ್ಕೆ ಕೊಡ್ತೀನಿ, ವಿಜಯದಲ್ಲಿ ಪಾಲುಗೊಳ್ಳೋಕೆ ನನಗಿರೋ ದಾರಿ ಇದೊಂದೇ ಅಂತ. ಅದು ಸರಿಯಾದ ಉತ್ತರವಾ ಅಂತ ನಾನು ತೀರ್ಪು ಕೊಡಲ್ಲ. ಆ ಕಾಲದಲ್ಲಿ ಬರೆದ ವಿಲೋ ಮರಗಳನ್ನ ನೋಡಿ, ಕೊಂಬೆಗಳು ಇಳಿಬಿದ್ದು ತಿರುಚಿಕೊಂಡಿವೆ. ಅವು ವಾಲ್‌ಪೇಪರ್ ಆಗಲ್ಲ.

ಎರಡು ಹೋಗಿ ಇಪ್ಪತ್ತೆರಡಾಯ್ತು. ಎಂಟು ಸಂಯೋಜನೆ, 22 ಹಲಗೆ, ಒಂದರ ಪಕ್ಕ ಒಂದಿಟ್ಟರೆ 90 ಮೀಟರ್ ದಾಟುತ್ತೆ. ಒಪ್ಪಂದ 1922ರಲ್ಲಿ ಆಯ್ತು. ಆದರೆ ಅಷ್ಟು ಹೊತ್ತಿಗೆ ಕಣ್ಣು ಕೈಕೊಟ್ಟಿತ್ತು. ಪೊರೆ ಅಂದರೆ ಕಣ್ಣಿನ ಲೆನ್ಸ್ ಹಳದಿ ಕಂದಾಗಿ ಗಟ್ಟಿಯಾಗೋದು. ನೀಲಿ ಬೆಳಕು ಒಳಗೇ ಬರಲ್ಲ. ಮೊನೆ ಬಣ್ಣದ ಟ್ಯೂಬಿನ ಲೇಬಲ್ ನೋಡಿ, ಪ್ಯಾಲೆಟ್ ಮೇಲೆ ಒಂದೇ ಕ್ರಮದಲ್ಲಿ ಬಣ್ಣ ಇಟ್ಟುಕೊಂಡು ಕೆಲಸ ಮಾಡ್ತಿದ್ದ. ಆಗಿನ ಸೇತುವೆ ಚಿತ್ರಗಳು ಕೆಂಪು ಕಂದು ಬೆಂಕಿಯ ಹಾಗಿವೆ, ಸೇತುವೆ ಎಲ್ಲಿದೆ ಅಂತ ಹುಡುಕಬೇಕು. ಕ್ಲೆಮೆನ್ಸೋ ಮೂಲದಲ್ಲಿ ಡಾಕ್ಟರ್. ಆಪರೇಷನ್ ಮಾಡಿಸಿಕೋ ಅಂತ ಬೆನ್ನುಬಿದ್ದ. 1923ರಲ್ಲಿ, ಎಂಬತ್ತೆರಡರ ವಯಸ್ಸಲ್ಲಿ, ಬಲಗಣ್ಣಿಗೆ ಆಪರೇಷನ್ ಆಯ್ತು. ಆಮೇಲೆ ಎಲ್ಲಾ ಅತಿ ನೀಲಿಯಾಗಿ ಕಾಣಿಸೋಕೆ ಶುರು. ಬಣ್ಣದ ಗಾಜಿನ ಕನ್ನಡಕ ಹಾಕಿಕೊಂಡು, ಬೈದುಕೊಂಡು, ಮತ್ತೆ ಬ್ರಶ್ ಹಿಡಿದ. ಕೊನೆವರೆಗೂ ಆ ಹಲಗೆಗಳನ್ನ ಬಿಟ್ಟುಕೊಡಲಿಲ್ಲ, ತಿದ್ದುತ್ತಲೇ ಇದ್ದ. 1926ರ ಡಿಸೆಂಬರ್ 5ಕ್ಕೆ ತೀರಿಕೊಂಡ.

1927ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒರಾಂಜೆರಿಯಲ್ಲಿ ಅವು ಜನಕ್ಕೆ ತೆರೆದವು. ಎರಡು ಮೊಟ್ಟೆಯಾಕಾರದ ಕೋಣೆ, ಮೇಲಿಂದ ಬೆಳಕು. ಒರಾಂಜೆರಿ ಅಂದರೆ ಏನು ಗೊತ್ತಾ? ಅರಮನೆ ತೋಟದ ಕಿತ್ತಳೆ ಗಿಡಗಳನ್ನ ಚಳಿಗಾಲದಲ್ಲಿ ಒಳಗಿಡೋಕೆ 1852ರಲ್ಲಿ ಕಟ್ಟಿದ ಮನೆ. ಮಾಲಿಗಳ ಕಟ್ಟಡ. ಜನ ಮುಗಿಬಿದ್ದರಾ? ಇಲ್ಲ. ಆಗ ಕಲೆಯ ಫ್ಯಾಷನ್ ಬದಲಾಗಿತ್ತು. ಆ ಕೋಣೆಗಳು ವರ್ಷಗಟ್ಟಲೆ ಬಿಕೋ ಅನ್ನುತ್ತಿದ್ದವು. 1950ರ ದಶಕದಲ್ಲಿ, ಅಮೆರಿಕದ ಅಮೂರ್ತ ಚಿತ್ರಗಳನ್ನ ನೋಡಿ ಕಣ್ಣು ಪಳಗಿದ ಮೇಲೆ, ಜನಕ್ಕೆ ಅರೆ, ಈ ಮುದುಕ ಇದನ್ನ ಆಗಲೇ ಮಾಡಿದ್ದನಲ್ಲ ಅನಿಸಿತು. 2008ಕ್ಕೆ ಒಂದು ನೈದಿಲೆ ಚಿತ್ರ ಲಂಡನ್ ಹರಾಜಿನಲ್ಲಿ 4 ಕೋಟಿ ಪೌಂಡ್ ದಾಟಿತು.

ಚಿತ್ರಗಳ ಬೆಲೆ ಏರ್ತಾ ಇದ್ದಾಗ ತೋಟದ ಕತೆ ಏನಾಗಿತ್ತು? ಬ್ಲಾನ್ಶ್ 1947ರಲ್ಲಿ ತೀರಿಕೊಂಡ ಮೇಲೆ ಅದು ಕಾಡುಬಿತ್ತು. ಸೇತುವೆ ನೀರಲ್ಲಿ ಕೊಳೀತು. 1966ರಲ್ಲಿ ಮಿಶೆಲ್ ಸತ್ತಾಗ ಆಸ್ತಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಹೋಯ್ತು. 1977ರಿಂದ ಜೆರಾಲ್ಡ್ ವಾನ್ ದೆರ್ ಕೆಂಪ್ ಅನ್ನೋರು ಮುಂದೆ ನಿಂತು, ಹೆಚ್ಚಾಗಿ ಅಮೆರಿಕದ ದಾನಿಗಳ ದುಡ್ಡಿನಲ್ಲಿ, ಕೊಳವನ್ನ ಮತ್ತೆ ಅಗೆಸಿ, ಸೇತುವೆ ಹೊಸದಾಗಿ ಕಟ್ಟಿಸಿದರು. ಹಳೇ ಫೋಟೋ ಹುಡುಕಿದರು, ನೋಡಿದ್ದವರನ್ನ ಕೇಳಿದರು, ಮೊನೆಯ ಚಿತ್ರಗಳನ್ನೂ ನೋಡಿದರು. ಚಿತ್ರ ಬರೆಯೋಕೆ ಅಂತ ಮಾಡಿದ ತೋಟವನ್ನ, ಚಿತ್ರ ನೋಡಿಕೊಂಡು ಮತ್ತೆ ಮಾಡಿದರು! 1980ರಲ್ಲಿ ಜನಕ್ಕೆ ತೆರೀತು. ನೀವು ಇನ್‌ಸ್ಟಾದಲ್ಲಿ ನೋಡೋ ಜಿವರ್ನಿ ಇದು.

ಅಲ್ಲಿಗೆ ಹೋದವರು ಹಾಕೋ ರೀಲ್‌ಗಳಲ್ಲಿ ಸೇತುವೆ ಇರುತ್ತೆ, ಟೋಪಿ ಇರುತ್ತೆ, ಹಿಂದೆ ಪಿಯಾನೋ. ಸ್ವಲ್ಪ ಹುಡುಕಿ, ಗೇಟು ತೆರೆಯೋಕೆ ಮುಂಚಿನ ವಿಡಿಯೋಗಳೂ ಸಿಗುತ್ತೆ. ಬೆಳಗಿನ ಹೊತ್ತು, ಚಪ್ಪಟೆ ದೋಣಿಯಲ್ಲಿ ಒಬ್ಬ ಮಾಲಿ ಉದ್ದ ಕೋಲಿನ ಬಲೆ ಹಿಡಿದು ಪಾಚಿ ತೆಗೀತಿರ್ತಾನೆ. ಹಳದಿಯಾದ ಎಲೆಗಳನ್ನ ಒಂದೊಂದಾಗಿ ಕಿತ್ತು ದೋಣಿಗೆ ಹಾಕಿಕೊಳ್ತಾನೆ. ಹತ್ತು ಗಂಟೆ ಹತ್ತಿರ ಬಂತು ಅಂದರೆ ದೋಣಿಯನ್ನ ದಡದ ಬಿದಿರು ಮೆಳೆಯ ಕಡೆ ತಳ್ಳಿಕೊಂಡು ಹೋಗಿಬಿಡ್ತಾನೆ.